ಪ್ರಾಣಿ ಎದುರಾದಾಗ ಮೊದಲ ಶತ್ರು ಗಾಬರಿ

(ಹಳಿಯಾಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಡೆದ ಕಾಲೇಜು ವಿದ್ಯಾರ್ಥಿಗಳ ರಾಷ್ಟ್ರೀಯ ಸೇವಾ ಯೋಜನೆ ಶಿಬಿರದಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ)



ನಾನು ಅರಣ್ಯಾಧಿಕಾರಿಯಲ್ಲ, ವೈದ್ಯನೂ ಅಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳಲ್ಲಿ ಬೈಕ್ ಮೇಲೆ ತಿರುಗಿ ಸುದ್ದಿ ಬರೆಯುವವನು. 'ಕರಡಿ ದಾಳಿ: ರೈತನಿಗೆ ಗಂಭೀರ ಗಾಯ', 'ಗದ್ದೆಗೆ ನುಗ್ಗಿದ ಆನೆ', 'ಬೀದಿ ನಾಯಿ ಕಡಿದು ಬಾಲಕನಿಗೆ ಗಾಯ' ಎಂಬ ತಲೆಬರಹಗಳನ್ನು ನೀವು ಓದಿಯೇ ಇರುತ್ತೀರಿ. ಅಂಥವನ್ನು ಬರೆಯುವವರಲ್ಲಿ ನಾನೂ ಒಬ್ಬ. ಆ ಸುದ್ದಿಗಳ ಕೊನೆಯ ಸಾಲು ಯಾವಾಗಲೂ ಒಂದೇ: 'ಗಾಯಾಳುವನ್ನು ಆಸ್ಪತ್ರೆಗೆ ದಾಖಲಿಸಲಾಗಿದೆ.' ಅಲ್ಲಿಗೆ ಸುದ್ದಿ ಮುಗಿಯುತ್ತದೆ, ಬದುಕು ಮುಗಿಯುವುದಿಲ್ಲ.

ಇಂಥ ಸುದ್ದಿಗಳನ್ನು ಬರೆಯುತ್ತಾ ನನಗೆ ಒಂದು ಮಾತು ಹೊಳೆಯಿತು. ದಾಳಿ ನಡೆಯುವ ಕ್ಷಣ ಬಹಳ ಚಿಕ್ಕದು. ಆ ಕ್ಷಣದಲ್ಲಿ ನಾವು ಮಾಡಬಹುದಾದದ್ದೂ ಕಡಿಮೆ. ಅದಕ್ಕಿಂತ ಹತ್ತು ನಿಮಿಷ ಮೊದಲು ಏನು ಮಾಡುತ್ತಿದ್ದೆವು, ಅದಾದ ಒಂದು ಗಂಟೆಯೊಳಗೆ ಏನು ಮಾಡಿದೆವು ಎಂಬುದರ ಮೇಲೆಯೇ ಎಷ್ಟೋ ಸಲ ಸಾವು ಬದುಕು ನಿಂತಿರುತ್ತದೆ. ಇನ್ನೊಂದು ಮಾತು: ನಮ್ಮ ಮೇಲೆ ಎರಗುವ ಪ್ರಾಣಿಗೆ ನಮ್ಮ ಮೇಲೆ ದ್ವೇಷ ಇರುವುದು ತೀರಾ ಅಪರೂಪ. ಹೆಚ್ಚಿನ ಸಲ ಅದು ಗಾಬರಿ. ಅದರ ಗಾಬರಿ ಮತ್ತು ನಮ್ಮ ಗಾಬರಿ ಡಿಕ್ಕಿ ಹೊಡೆದಾಗ ಆಗುವ ಅಪಘಾತಕ್ಕೆ ನಾವು 'ದಾಳಿ' ಎಂದು ಹೆಸರಿಟ್ಟಿದ್ದೇವೆ. ಅದರ ಗಾಬರಿ ನಮ್ಮ ಕೈಯಲ್ಲಿಲ್ಲ, ನಮ್ಮ ಗಾಬರಿ ನಮ್ಮ ಕೈಯಲ್ಲಿದೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಕಾಡು ಯಾವುದು, ಊರು ಯಾವುದು?

ಮೊದಲು ನಮ್ಮ ನೆಲದ ಲೆಕ್ಕ ನೋಡೋಣ. ಕಾಳಿ ನದಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಕಡೆ. ದಾಂಡೇಲಿಯನ್ನು ಹಾದು ಕಾರವಾರದಲ್ಲಿ ಅದು ಕಡಲು ಸೇರುತ್ತದೆ. ಈ ನದಿಯ ಎರಡೂ ದಡದ ಕಾಡಿಗೆ 1956ರಲ್ಲಿ ದಾಂಡೇಲಿ ಅಭಯಾರಣ್ಯ ಎಂಬ ಹೆಸರು ಬಂತು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಎರಡನ್ನೂ ಸೇರಿಸಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂದು ಹೆಸರಿಟ್ಟರು.

ಇದೇ ಕಾಲದಲ್ಲಿ ಊರುಗಳೂ ಬೆಳೆದವು. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂತು. 1966ರಲ್ಲಿ ಮುಂಡಗೋಡದಲ್ಲಿ ಟಿಬೆಟನ್ನರು ನೆಲೆ ನಿಂತರು. 1980ರ ದಶಕದಲ್ಲಿ ಅಣೆಕಟ್ಟೆಯ ನೀರಿನಲ್ಲಿ ಸೂಪಾ ಪೇಟೆ ಮುಳುಗಿತು. ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು, ಕೊನೆಗೆ ತಾಲ್ಲೂಕಿನ ಹೆಸರೂ ಬದಲಾಯಿತು. ನೀರು ಮುಳುಗಿಸಿದ್ದು ಮನೆಗಳನ್ನಷ್ಟೇ ಅಲ್ಲ, ಪ್ರಾಣಿಗಳು ತಲೆತಲಾಂತರದಿಂದ ನಡೆದ ಹಾದಿಗಳನ್ನೂ ಮುಳುಗಿಸಿತು. ಮನುಷ್ಯನಿಗೆ ತಾಲ್ಲೂಕಿನ ಹೆಸರು ಬದಲಾದದ್ದು ಗೊತ್ತು. ಆನೆಗೆ ಗೊತ್ತಿಲ್ಲ.

ಹೀಗಾಗಿ ನಮ್ಮಲ್ಲಿ ಕಾಡಿಗೂ ಊರಿಗೂ ನಡುವೆ ಗೋಡೆಯಿಲ್ಲ. ಕುಣಬಿಗಳ ಗದ್ದೆ, ಗೌಳಿಗರ ದಡ್ಡಿ, ಸಿದ್ದಿಗಳ ಕೇರಿ ಎಲ್ಲವೂ ಕಾಡಿನ ಮಡಿಲಲ್ಲೇ ಇವೆ. ಈ ಜನ ಪ್ರಾಣಿಗಳ ಜೊತೆ ಬಾಳಲು ತಮ್ಮದೇ ದಾರಿ ಹುಡುಕಿಕೊಂಡಿದ್ದರು. ನಮ್ಮ ಜಿಲ್ಲೆಯ ಹಲವು ಊರುಗಳ ಅಂಚಿನಲ್ಲಿ ಹುಲಿದೇವರ ಕಲ್ಲು ಇದೆ. ವರ್ಷಕ್ಕೊಮ್ಮೆ ಅದಕ್ಕೆ ಪೂಜೆ ಸಲ್ಲುತ್ತದೆ. ಹುಲಿ ಇದೆ, ಅದರ ಪಾಡಿಗೆ ಅದನ್ನು ಬಿಡು, ನಿನ್ನ ಪಾಡಿಗೆ ನೀನಿರು ಎಂಬ ಒಪ್ಪಂದ ಅದು. ಬ್ರಿಟಿಷರ ಕಾಲಕ್ಕೆ ಈ ಒಪ್ಪಂದ ಮುರಿದು, ಹುಲಿ ಕೊಂದವನಿಗೆ ಸರ್ಕಾರವೇ ಬಹುಮಾನ ಕೊಟ್ಟಿತು. ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷಕ್ಕೆ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಲೆಕ್ಕ ತಿರುಗಿತು. ಅಂದು ಕೊಂದರೆ ಬಹುಮಾನ, ಇಂದು ಕೊಂದರೆ ಜೈಲು. ಆದರೆ ಎದುರಾದಾಗ ಏನು ಮಾಡಬೇಕು ಎಂಬುದನ್ನು ಅಂದಿನ ಸರ್ಕಾರವೂ ಊರಿಗೆ ಕಲಿಸಲಿಲ್ಲ, ಇಂದಿನ ಶಾಲೆಯ ಪಠ್ಯವೂ ಸರಿಯಾಗಿ ಕಲಿಸುತ್ತಿಲ್ಲ.

ಕರಡಿ: ಸದ್ದು ಮಾಡಿ ನಡೆಯಿರಿ

ನಮ್ಮ ಭಾಗದಲ್ಲಿ ಹುಲಿಗಿಂತ ಹೆಚ್ಚು ಹೆದರಬೇಕಾದದ್ದು ಕರಡಿಗೆ. ಇದು ಮಾಂಸಕ್ಕಾಗಿ ಬೇಟೆಯಾಡುವ ಪ್ರಾಣಿಯಲ್ಲ. ಗೆದ್ದಲು, ಇರುವೆ, ಜೇನು, ನೇರಳೆ, ಕವಳಿ, ಹಲಸು, ಗೇರುಹಣ್ಣು ಇದರ ಆಹಾರ. ಮೂಗು ಬಹಳ ಚುರುಕು, ಕಣ್ಣು ಮಂದ. ತಲೆ ತಗ್ಗಿಸಿ ಹುತ್ತ ಕೆದಕುತ್ತಾ ಗೆದ್ದಲು ಹೀರುವಾಗ ತನ್ನದೇ ಸದ್ದಿನಲ್ಲಿ ಮುಳುಗಿರುತ್ತದೆ. ನಾವು ಹತ್ತಿರ ಹೋಗುವವರೆಗೂ ಅದಕ್ಕೆ ತಿಳಿಯುವುದಿಲ್ಲ. ತಿಳಿದಾಗ ಅದಕ್ಕೆ ಓಡಲು ಸಮಯವಿರುವುದಿಲ್ಲ.

ಇಲ್ಲೊಂದು ಕುತೂಹಲದ ಸಂಗತಿ. ಕರಡಿ ಹುಲಿಯಿರುವ ಕಾಡಿನಲ್ಲೇ ಬೆಳೆದ ಪ್ರಾಣಿ. ಹುಲಿಯ ಎದುರು ಓಡಿ ಅದಕ್ಕೆ ಉಳಿಗಾಲವಿಲ್ಲ. ಆದ್ದರಿಂದ ಹತ್ತಿರದಲ್ಲಿ ಬೆದರಿದರೆ ಎದ್ದು ನಿಂತು ಮೇಲೆ ಬೀಳುವುದೇ ಅದಕ್ಕೆ ರಕ್ತಗತವಾಗಿದೆ ಎಂದು ಸಂಶೋಧಕರು ಹೇಳುತ್ತಾರೆ. ಎದುರಿಗಿರುವವನು ಹುಲಿಯೋ, ಕಟ್ಟಿಗೆಗೆ ಬಂದ ಮುದುಕನೋ ಎಂದು ವಿಚಾರಿಸುವ ವ್ಯವಧಾನ ಅದಕ್ಕಿಲ್ಲ. ಬೆನ್ನ ಮೇಲೆ ಮರಿ ಹೊತ್ತ ತಾಯಿಯಾದರಂತೂ ಕೇಳುವುದೇ ಬೇಡ.

ಜೋಯಿಡಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕರಡಿಯಿಂದ ಒಂದು ಕಣ್ಣು ಕಳೆದುಕೊಂಡ ಹಿರಿಯರೊಬ್ಬರನ್ನು ನಾನು ಕಂಡಿದ್ದೇನೆ. ಬೆಳಗಿನ ಜಾವ ಒಬ್ಬರೇ ಗೇರುಬೀಜ ಆರಿಸಲು ಹೋಗಿದ್ದರಂತೆ. ಕರಡಿಯೂ ಗೇರುಹಣ್ಣಿಗೇ ಬಂದಿತ್ತು. ಅವರಿಗೆ ಕರಡಿಯ ಮೇಲೆ ಸಿಟ್ಟಿರಲಿಲ್ಲ. ಪ್ರತಿದಿನ ಕೆಮ್ಮುತ್ತಾ, ಕೋಲಿನಿಂದ ಮರಕ್ಕೆ ಬಡಿಯುತ್ತಾ ಹೋಗುತ್ತಿದ್ದವರು ಆ ದಿನ ಸುಮ್ಮನೆ ಹೋದೆನಲ್ಲ ಎಂಬುದೇ ಅವರ ಕೊರಗು. ಅವರ ಕೊರಗೇ ನಮಗೆ ಪಾಠ.

ಕಟ್ಟಿಗೆ, ಅಣಬೆ, ಜೇನು, ಹಣ್ಣಿಗೆಂದು ಕಾಡಿಗೆ ಹೋಗುವವರು ಒಬ್ಬರೇ ಹೋಗಬಾರದು. ಬೆಳಕು ಹರಿಯುವ ಮುನ್ನ, ಮಬ್ಬುಗತ್ತಲಾದ ಮೇಲೆ ಹೋಗಬಾರದು. ಮಾತಾಡುತ್ತಾ, ಕೂಗು ಹಾಕುತ್ತಾ ನಡೆಯಬೇಕು. ಗೌಳಿಗರು ಎಮ್ಮೆಯ ಹಿಂದೆ 'ಹೋಯ್' ಎಂದು ಕೂಗುತ್ತಾ ನಡೆಯುವುದನ್ನು ನೀವು ಕೇಳಿದ್ದೀರಿ. ಎಮ್ಮೆಗೆ ಹೇಳಿದ ಆ ಮಾತು ಕರಡಿಗೂ ತಲುಪುತ್ತದೆ, ಅದು ದಾರಿ ಬಿಟ್ಟು ಹೋಗುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕಾಡಿನಲ್ಲಿ ನಡೆಯುವ ಹುಡುಗರೇ, ಈ ಮಾತು ನಿಮಗೂ ಸೇರಿ.

ಕರಡಿ ದೂರದಲ್ಲಿ ಕಂಡರೆ ಅದಕ್ಕೆ ಬೆನ್ನು ತಿರುಗಿಸದೆ ನಿಧಾನವಾಗಿ ಹಿಂದೆ ಸರಿಯಿರಿ. ಓಡಬೇಡಿ, ಅದು ನಿಮಗಿಂತ ವೇಗವಾಗಿ ಓಡುತ್ತದೆ. ಮರ ಹತ್ತಬೇಡಿ, ಅದು ನಿಮಗಿಂತ ಚೆನ್ನಾಗಿ ಹತ್ತುತ್ತದೆ. ಮೈಮೇಲೆಯೇ ಬಿದ್ದರೆ ಬೋರಲಾಗಿ ಮಲಗಿ. ಮುಖ ನೆಲಕ್ಕೆ, ಎರಡೂ ಕೈ ಬೆರಳು ಹೆಣೆದು ಕುತ್ತಿಗೆಯ ಹಿಂದೆ, ಮೊಣಕೈಗಳಿಂದ ಕೆನ್ನೆಗೆ ಆಸರೆ. ಕರಡಿ ಮೊದಲು ಹಿಡಿಯುವುದು ಮುಖ ಮತ್ತು ತಲೆಯನ್ನು. ಮುಖ ಉಳಿದರೆ ಬದುಕು ಉಳಿದಂತೆ. ಬೆದರಿಕೆ ಕಳೆಯಿತು ಎನಿಸಿದರೆ ಬಹಳ ಸಲ ಅದು ತಾನಾಗಿಯೇ ಬಿಟ್ಟು ಹೋಗುತ್ತದೆ. ಅದು ದೂರ ಹೋಗುವವರೆಗೂ ಏಳಬೇಡಿ.

ಆನೆ: ನೋಡಲು ಹೋಗುವವರಿಗೆ ಒಂದು ಮಾತು

ಮಳೆಗಾಲ ಮುಗಿದು ಭತ್ತ ತೆನೆ ಕಟ್ಟುವ ಹೊತ್ತಿಗೆ ಆನೆಗಳು ಬರುತ್ತವೆ. ಹಳಿಯಾಳದ ಕಬ್ಬು, ಮುಂಡಗೋಡದ ಭತ್ತ ಮತ್ತು ಗೋವಿನಜೋಳದ ಹೊಲಗಳಿಗೆ ಅವು ವರ್ಷವರ್ಷವೂ ಬರುವ ನೆಂಟರು. ಈ ಸಂದರ್ಭದಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಎರಡು ಸುಗ್ಗಿಯ ಹಿಂದೆ ಮುಂಡಗೋಡ ತಾಲ್ಲೂಕಿನ ಊರೊಂದರ ಗದ್ದೆಗೆ ಆನೆ ಬಂದಿದೆ ಎಂದು ಫೋನ್ ಬಂತು. ಕ್ಯಾಮೆರಾ ಹಿಡಿದು ಓಡಿದೆ. ನನಗಿಂತ ಮೊದಲೇ ಅಲ್ಲಿ ಜಾತ್ರೆ ಸೇರಿತ್ತು. ಕೂಗು, ಸಿಳ್ಳೆ, ಪಟಾಕಿ, ಎಲ್ಲರ ಕೈಯಲ್ಲೂ ಮೊಬೈಲ್. ಅರಣ್ಯ ಇಲಾಖೆಯ ಕಾವಲುಗಾರರೊಬ್ಬರು ಗಂಟಲು ಹರಿಯುವಂತೆ ಕೂಗಿ ನಮ್ಮನ್ನು ಹಿಂದೆ ಸರಿಸುತ್ತಿದ್ದರು. ನಾನು ಒಳ್ಳೆಯ ಚಿತ್ರಕ್ಕಾಗಿ ಎರಡು ಬದು ಮುಂದೆ ಹೋದೆ. ಆನೆ ತಿರುಗಿತು. ಬಿದ್ದೆ, ಎದ್ದೆ, ಕೆಸರು ಮೆತ್ತಿಕೊಂಡು ಓಡಿದೆ. ಯಾರಿಗೂ ಏನೂ ಆಗಲಿಲ್ಲ. ಅದು ಅದೃಷ್ಟ, ಜಾಣತನವಲ್ಲ. ಜನ ಮನೆಯಲ್ಲಿದ್ದರೆ ತಮಗೆ ಆನೆಯನ್ನು ಕಾಯುವ ಕೆಲಸವೊಂದೇ ಇರುತ್ತಿತ್ತು, ಈಗ ಜನರನ್ನೂ ಕಾಯಬೇಕಾಗಿದೆ ಎಂದು ಆ ಕಾವಲುಗಾರರು ಬೈದರು. ಮರುದಿನ ನಾನು ಬರೆದ ಸುದ್ದಿಯಲ್ಲಿ 'ಆನೆ ದಾಂಧಲೆ' ಎಂದಿತ್ತು. ಜನರ ದಾಂಧಲೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆನೆಯ ದೃಷ್ಟಿ ಮಂದ, ವಾಸನೆ ಮತ್ತು ಕಿವಿ ಬಹಳ ಚುರುಕು. ಗಾಳಿ ನಮ್ಮಿಂದ ಅದರತ್ತ ಬೀಸುತ್ತಿದ್ದರೆ ನಾವು ಬಂದಿರುವುದು ಅದಕ್ಕೆ ಮೊದಲೇ ಗೊತ್ತು. ಕಿವಿ ಅಗಲಿಸಿ, ತಲೆ ಎತ್ತಿ, ಮಣ್ಣು ಒದ್ದು ಮುಂದೆ ಬಂದು ನಿಂತರೆ ಹೆಚ್ಚಾಗಿ ಅದು ಎಚ್ಚರಿಕೆ. ಕಿವಿ ಹಿಂದಕ್ಕೆ ಒತ್ತಿ ಸೊಂಡಿಲು ಸುತ್ತಿಕೊಂಡು ಬಂದರೆ ಅದು ನಿಜವಾದ ದಾಳಿ ಎಂದು ಬಲ್ಲವರು ಹೇಳುತ್ತಾರೆ. ಆದರೆ ಇದನ್ನು ಪರೀಕ್ಷಿಸಿ ನೋಡುವ ಕೆಲಸ ನಮ್ಮದಲ್ಲ. ದೂರದಲ್ಲಿ ಕಂಡಾಗಲೇ ಸದ್ದಿಲ್ಲದೆ ಜಾಗ ಬಿಡಬೇಕು. ಅಟ್ಟಿಸಿಕೊಂಡು ಬಂದರೆ ಬಯಲಿನಲ್ಲಿ ನೇರ ಓಡಿ ಪ್ರಯೋಜನವಿಲ್ಲ. ದಪ್ಪ ಮರ, ಬಂಡೆ, ಆಳದ ಕಂದಕ, ಗಟ್ಟಿ ಕಟ್ಟಡದ ಮರೆಗೆ ಹೋಗಬೇಕು. ಹೆಗಲ ಮೇಲಿನ ಕಂಬಳಿಯನ್ನೋ ಕೈಚೀಲವನ್ನೋ ಎಸೆದರೆ ಅದು ಅದರತ್ತ ತಿರುಗಿ ನಿಮಗೆ ಒಂದೆರಡು ಕ್ಷಣ ಸಿಗಬಹುದು. ರಾತ್ರಿ ರಸ್ತೆಯಲ್ಲಿ ಆನೆ ಕಂಡರೆ ವಾಹನವನ್ನು ದೂರದಲ್ಲೇ ನಿಲ್ಲಿಸಿ. ಹಾರ್ನ್ ಹೊಡೆಯಬೇಡಿ, ಇಳಿಯಬೇಡಿ.

ಗದ್ದೆ ಕಾಯುವುದು ರೈತನ ಹಕ್ಕು. ಮಾಳದ ಮೇಲೆ ಕುಳಿತು ಡಬ್ಬ ಬಡಿದು, ಬೆಂಕಿ ಹಾಕಿ ಆನೆಯನ್ನು ದೂರವಿಡುವುದು ನಮ್ಮ ಅಜ್ಜಂದಿರ ಕಾಲದ ಪದ್ಧತಿ. ಮಾಳದಲ್ಲಿದ್ದು ಎಚ್ಚರಿಸುವುದು ಬೇರೆ, ಕೆಳಗಿಳಿದು ಅಟ್ಟಿಸಿಕೊಂಡು ಹೋಗುವುದು ಬೇರೆ. ಕತ್ತಲಲ್ಲಿ ಒಂದು ಊರಿನವರು ಅಟ್ಟಿದ ಆನೆ ಪಕ್ಕದ ಊರಿನವರ ಎದುರಿಗೆ ಬೆದರಿ ನಿಲ್ಲುತ್ತದೆ.

ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಇದಕ್ಕೊಂದು ಸರಳ ಉಪಾಯ ಮಾಡಿದ್ದಾರೆ. ಆನೆ ಎಲ್ಲಿದೆ ಎಂಬ ಸುದ್ದಿಯನ್ನು ಆ ಸಂಜೆಯೇ ಮೊಬೈಲ್ ಸಂದೇಶದಲ್ಲಿ, ಊರಿನ ಟಿವಿಯ ಪರದೆಯಲ್ಲಿ ತಿಳಿಸುತ್ತಾರೆ. ಕೆಂಪು ದೀಪದ ಕಂಬ ಹೊತ್ತಿಸಿ ಎಚ್ಚರಿಸುತ್ತಾರೆ. ನಿಸರ್ಗ ಸಂರಕ್ಷಣಾ ಪ್ರತಿಷ್ಠಾನದ ವಿಜ್ಞಾನಿಗಳು ರೂಪಿಸಿದ ಈ ವ್ಯವಸ್ಥೆ ಬಂದ ಮೇಲೆ ಅಲ್ಲಿ ಆನೆಯಿಂದ ಸಾಯುವವರ ಸಂಖ್ಯೆ ಇಳಿಯಿತು. ಆನೆ ಬದಲಾಗಲಿಲ್ಲ, ಜನರಿಗೆ ಸುದ್ದಿ ಮೊದಲೇ ಸಿಕ್ಕಿತು, ಅಷ್ಟೇ. ನಮ್ಮ ಹಳ್ಳಿಗಳ ವಾಟ್ಸ್‌ಆ್ಯಪ್ ಗುಂಪುಗಳು ಆನೆಯ ವಿಡಿಯೊ ಹಂಚುವ ಬದಲು 'ಇವತ್ತು ರಾತ್ರಿ ಈ ದಾರಿ ಬೇಡ' ಎಂಬ ಒಂದು ಸಾಲು ಹಂಚಿದರೆ ಸಾಕು.

ಚಿರತೆ ಮತ್ತು ಕಾಡುಕೋಣ

ಜೋಯಿಡಾ, ದಾಂಡೇಲಿ ಕಾಡುಗಳು ಕರಿಚಿರತೆಗೆ ಹೆಸರಾದವು. ಚಿರತೆ ನಾಚಿಕೆಯ ಪ್ರಾಣಿ. ಅದು ಊರಿಗೆ ಬರುವುದು ಹೆಚ್ಚಾಗಿ ನಾಯಿ, ಕರು, ಆಡುಗಳ ಆಸೆಗೆ. ಮಾಂಸದ ಕಸವನ್ನು ಊರ ಬದಿಗೆ ಸುರಿದರೆ ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ. ಆದ್ದರಿಂದ ಕೊಟ್ಟಿಗೆಗೆ ಗಟ್ಟಿ ಬಾಗಿಲು, ಅಂಗಳಕ್ಕೆ ದೀಪ, ಸಂಜೆಯ ಮೇಲೆ ಮಕ್ಕಳ ಜೊತೆ ದೊಡ್ಡವರು, ಈ ಮೂರು ಇರಲಿ. ಎದುರಾದರೆ ಕುಕ್ಕರಿಸಬೇಡಿ, ಬಗ್ಗಬೇಡಿ, ಓಡಬೇಡಿ. ಕುಳಿತವನು ಅದರ ಕಣ್ಣಿಗೆ ಬೇಟೆಯ ಗಾತ್ರಕ್ಕೆ ಕಾಣುತ್ತಾನೆ, ಓಡುವವನು ಬೇಟೆಯಂತೆಯೇ ಕಾಣುತ್ತಾನೆ. ಎದ್ದು ನಿಂತು, ಕೈ ಮೇಲೆತ್ತಿ, ದೊಡ್ಡ ದನಿಯಲ್ಲಿ ಕೂಗುತ್ತಾ ಹಿಂದೆ ಸರಿಯಿರಿ. ಮಗುವಿದ್ದರೆ ಎತ್ತಿಕೊಳ್ಳಿ. ಮೈಮೇಲೆ ಬಂದೇಬಿಟ್ಟರೆ ಕೈಗೆ ಸಿಕ್ಕಿದ್ದರಿಂದ ಹೋರಾಡಿ. ಕರಡಿಗೆ ಹೇಳಿದ ಉಪಾಯ ಇಲ್ಲಿ ಬೇಡ.

ಚಿರತೆ ಕಂಡೊಡನೆ 'ಹಿಡಿದು ಸಾಗಿಸಿ' ಎಂದು ನಾವು ಒತ್ತಾಯಿಸುತ್ತೇವೆ. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ 2001ರಿಂದ ಹಾಗೆಯೇ ಮಾಡಿದರು. ಹಿಡಿದ ಚಿರತೆಗಳನ್ನು ಬೇರೆ ಕಾಡಿಗೆ ಬಿಟ್ಟರು. ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಲೆಕ್ಕ ಹಾಕಿ ನೋಡಿದಾಗ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಅಪರಿಚಿತ ಜಾಗದಲ್ಲಿ ದಿಕ್ಕೆಟ್ಟ ಚಿರತೆ ಹೆಚ್ಚು ಅಪಾಯಕಾರಿ. ಗುಂಪು ಮುತ್ತಿದ ಚಿರತೆಯೂ ಹಾಗೆಯೇ. 2016ರ ಫೆಬ್ರುವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ಹೊಕ್ಕಾಗ ಅದನ್ನು ಹಿಡಿಯಲು ಹೋದ ವನ್ಯಜೀವಿ ವಿಜ್ಞಾನಿ ಸಂಜಯ ಗುಬ್ಬಿಯವರೇ ಗಾಯಗೊಂಡರು. ಅಷ್ಟು ಅನುಭವವಿದ್ದವರಿಗೇ ಹಾಗಾದರೆ, ಕೋಲು ಹಿಡಿದು ನುಗ್ಗುವ ನಮ್ಮ ಪಾಡೇನು?

ಕಾಡುಕೋಣದ ಬಗ್ಗೆ ಒಂದೇ ಮಾತು. ಮೇಯುತ್ತಿರುವಾಗ ಅದು ಮನೆಯ ದನದಷ್ಟೇ ಸಾಧುವಾಗಿ ಕಾಣುತ್ತದೆ. ಒಂಟಿ ಕೋಣವನ್ನೂ ಕರುವಿನ ಜೊತೆಗಿರುವ ತಾಯಿಯನ್ನೂ ನಂಬಬೇಡಿ. ಅದು ಓಡುವ ದಾರಿಯಲ್ಲಿ ಅಡ್ಡ ನಿಲ್ಲಬೇಡಿ.

ನದಿಯ ದಡದಲ್ಲಿ

ದಾಂಡೇಲಿಯ ಕಾಳಿ ನದಿಯಲ್ಲಿ ಮೊಸಳೆಗಳಿವೆ ಎಂಬುದು ಪ್ರವಾಸಿಗರಿಗೆ ಆಕರ್ಷಣೆ. ದಡದಲ್ಲಿ ಬಟ್ಟೆ ಒಗೆಯುವವರಿಗೆ ಅದು ದಿನದ ಆತಂಕ. 2021ರ ಅಕ್ಟೋಬರ್‌ನಲ್ಲಿ ಅಲ್ಲಿ ಮೀನು ಹಿಡಿಯುತ್ತಿದ್ದ ಬಾಲಕನನ್ನು ಮೊಸಳೆ ಎಳೆದೊಯ್ದಿತು. ಆ ತಾಯಿಯ ಮುಂದೆ 'ಇದು ಗಾಬರಿಯ ದಾಳಿ' ಎಂಬ ನನ್ನ ವಾದ ನಿಲ್ಲುವುದಿಲ್ಲ. ಮೊಸಳೆಯ ದಾಳಿ ಕೆಲವೊಮ್ಮೆ ಹಸಿವಿನದೂ ಹೌದು. ಅದು ನೀರಿನೊಳಗೆ ಕಾದು ಕುಳಿತು ಹಿಡಿಯುವ ಪ್ರಾಣಿ. ಇಲ್ಲಿ ಎದುರಿಸುವ ಉಪಾಯಕ್ಕಿಂತ ತಪ್ಪಿಸುವ ಉಪಾಯವೇ ಮುಖ್ಯ.

ನೀರಿನ ಅಂಚಿಗೆ ಕುಕ್ಕರಿಸಿ ಕೂರಬೇಡಿ. ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ದಿನಾ ಹೋಗುವುದೂ ಅಪಾಯ. ಮೀನು, ಕೋಳಿ ತೊಳೆದ ನೀರನ್ನೂ ಮಾಂಸದ ತ್ಯಾಜ್ಯವನ್ನೂ ದಡಕ್ಕೆ ಸುರಿಯಬೇಡಿ. ಹಾಗೆ ಸುರಿದರೆ ನಾವೇ ಮೊಸಳೆಗೆ ಊಟದ ಎಲೆ ಹಾಕಿದಂತೆ. ಬೇಸಿಗೆಯಲ್ಲಿ ಅದು ದಡದ ಮರಳಿನಲ್ಲಿ ಮೊಟ್ಟೆಯಿಟ್ಟು ಕಾಯುತ್ತದೆ, ಆಗ ಹತ್ತಿರ ಸುಳಿಯಬಾರದು. ಹಿಡಿದೇಬಿಟ್ಟರೆ ಕಣ್ಣಿಗೆ, ಮೂತಿಗೆ ಬಲವಾಗಿ ಹೊಡೆಯಿರಿ. ದಡದಲ್ಲಿದ್ದವರು ನೀರಿಗೆ ಹಾರದೆ ಬಿದಿರು, ಹಗ್ಗ ಚಾಚಬೇಕು.

ಶ್ರೀಲಂಕಾದ ನಿಲ್ವಲಾ ನದಿಯಲ್ಲಿ ಜನ ಸ್ನಾನ ಮಾಡುವ ಕಡೆ ನೀರಿನೊಳಗೇ ಗೂಟ ನೆಟ್ಟು ಬೇಲಿ ಕಟ್ಟುತ್ತಾರೆ. ಮೊಸಳೆ ಹೊರಗೆ, ಮನುಷ್ಯ ಬೇಲಿಯ ಒಳಗೆ. ನಮ್ಮ ನದಿದಡದ ಕೇರಿಗಳಿಗೆ ಮೊದಲು ಬೇಕಾದದ್ದು ಮನೆಬಾಗಿಲಿಗೆ ನಲ್ಲಿ ನೀರು. ಅದು ಬರುವವರೆಗೆ ಇಂಥ ಬೇಲಿಯಾದರೂ ಬೇಡವೇ? ಎಚ್ಚರಿಕೆಯ ಫಲಕ ಹಾಕಿದರಷ್ಟೇ ಸಾಲದು. ಫಲಕ ಓದಿದವರಿಗೂ ಬಟ್ಟೆ ಒಗೆಯಲು ಬೇರೆ ಜಾಗ ಬೇಕು.

ಮನೆಯಂಗಳದ ಪ್ರಾಣಿಗಳು

ಕಾಡಿನ ಕಥೆ ಕೇಳುವಾಗ ಕಣ್ಣರಳಿಸುವ ನಾವು ಮನೆಯಂಗಳದ ಪ್ರಾಣಿಯನ್ನು ಮರೆಯುತ್ತೇವೆ. ಮುಂಡಗೋಡದ ಕಡೆ ದೀಪಾವಳಿಯ ನಂತರ 'ಹೋರಿ ಬೆದರಿಸುವ' ಸ್ಪರ್ಧೆ ನಡೆಯುತ್ತದೆ. ಹೆಸರಿನಲ್ಲೇ ಎಲ್ಲವೂ ಇದೆ. ಬೆದರಿಸಿದ್ದು ನಾವು, ಬೆದರಿ ಓಡುವುದು ಅದು. ಅದರ ದಾರಿಯಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ, ಗಟ್ಟಿ ಬೇಲಿಯ ಆಚೆ ನಿಲ್ಲಿ. ಆಗತಾನೆ ಕರು ಹಾಕಿದ ಎಮ್ಮೆಯ ಹತ್ತಿರ ಅಪರಿಚಿತರು ನಾಯಿಯ ಜೊತೆ ಹೋಗಬಾರದು ಎಂಬುದು ಗೌಳಿಗರ ಮಕ್ಕಳಿಗೂ ಗೊತ್ತು.

ಇಲ್ಲಿಯವರೆಗೆ ಓಡಬೇಡಿ ಎಂದೇ ಹೇಳುತ್ತಾ ಬಂದೆ. ಒಂದು ಕಡೆ ಮಾತ್ರ ಓಡಲೇಬೇಕು. ಅದು ಹೆಜ್ಜೇನು ಎದ್ದಾಗ. ಕೈ ಬೀಸದೆ, ಮುಖ ಮತ್ತು ಮೂಗು ಬಾಯಿ ಬಟ್ಟೆಯಿಂದ ಮುಚ್ಚಿಕೊಂಡು ನೇರವಾಗಿ ಓಡಿ ಮನೆ ಅಥವಾ ವಾಹನದೊಳಗೆ ಸೇರಿ ಬಾಗಿಲು ಹಾಕಿಕೊಳ್ಳಿ. ನೀರಿಗೆ ಹಾರಬೇಡಿ, ತಲೆ ಎತ್ತುವವರೆಗೂ ಅವು ಮೇಲೆಯೇ ಕಾಯುತ್ತವೆ.

ಇನ್ನು ನಾಯಿ. ಬೊಗಳುತ್ತಾ ಬರುವ ನಾಯಿಯ ಎದುರು ಮರದಂತೆ ನಿಲ್ಲಿ. ಕೈಗಳು ಮೈಗೆ ಅಂಟಿರಲಿ, ದೃಷ್ಟಿ ನೆಲದ ಮೇಲಿರಲಿ. ಬಿದ್ದರೆ ಮೊಣಕಾಲು ಹೊಟ್ಟೆಗೆ ಮಡಚಿ, ಮುಷ್ಟಿಗಳಿಂದ ಕಿವಿ ಕುತ್ತಿಗೆ ಮುಚ್ಚಿಕೊಳ್ಳಿ. ಇದನ್ನು ಪ್ರತಿ ಶಾಲೆಯಲ್ಲೂ ಮಕ್ಕಳಿಗೆ ಆಟದಂತೆ ಆಡಿಸಿ ಕಲಿಸಬೇಕು. ಉಣ್ಣುತ್ತಿರುವ, ಮಲಗಿರುವ, ಮರಿಯಿರುವ ನಾಯಿಯನ್ನು ಮುಟ್ಟಬಾರದೆಂದು ಹೇಳಬೇಕು.

ಆದರೆ ನಾಯಿಯ ಹಲ್ಲಿಗಿಂತ ಭಯಂಕರವಾದದ್ದು ಅದರ ಜೊಲ್ಲಿನಲ್ಲಿರಬಹುದಾದ ರೇಬೀಸ್. ಅದರ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಹೆಚ್ಚುಕಡಿಮೆ ಅಸಾಧ್ಯ. ಕಾಣಿಸಿಕೊಳ್ಳುವ ಮುನ್ನ ಚಿಕಿತ್ಸೆ ಪಡೆದರೆ ಸಾಯುವುದೂ ಅಷ್ಟೇ ಅಪರೂಪ. ಇಷ್ಟು ಸ್ಪಷ್ಟವಾದ ಗಡಿ ಇರುವ ಇನ್ನೊಂದು ರೋಗ ಸಿಗುವುದು ಕಷ್ಟ. 1885ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್, ನಾಯಿ ಕಡಿದ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಕೊಟ್ಟು ಬದುಕಿಸಿದ. ಅದಾಗಿ 140 ವರ್ಷ ಸಂದಿದೆ. ಆದರೂ ಜಗತ್ತಿನಲ್ಲಿ ರೇಬೀಸಿನಿಂದ ಸಾಯುವವರಲ್ಲಿ ಸುಮಾರು ಮೂರನೇ ಒಂದು ಪಾಲು ಭಾರತದವರೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಔಷಧ ಇಲ್ಲದ್ದರಿಂದ ಅಲ್ಲ, ಆಸ್ಪತ್ರೆಗೆ ತಡವಾಗಿ ಹೋದದ್ದರಿಂದ, ಹೋಗದೇ ಇದ್ದದ್ದರಿಂದ.

ಯಾಕೆ ಹೋಗುವುದಿಲ್ಲ? ಹಿರಿಯರನ್ನು ಕೇಳಿದರೆ 'ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್' ಎಂಬ ಹಳೆಯ ಹೆದರಿಕೆ ಹೇಳುತ್ತಾರೆ. ಆ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಯಿತು. ಲಸಿಕೆ ಹೋಗಿದೆ, ಹೆದರಿಕೆ ಉಳಿದಿದೆ. ಈಗ ಕೊಡುವುದು ತೋಳಿಗೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮೊದಲ ದಿನ, ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನ ಕೊಡುತ್ತಾರೆ. ಎರಡು ಡೋಸಿಗೆ ನಿಲ್ಲಿಸಬಾರದು. ರಕ್ತ ಬರುವಂತೆ ಕಡಿದಿದ್ದರೆ ಗಾಯದ ಸುತ್ತಲೇ ಇನ್ನೊಂದು ಬಗೆಯ ಮದ್ದು, ಇಮ್ಯುನೊಗ್ಲೋಬ್ಯುಲಿನ್, ಕೊಡಬೇಕಾಗುತ್ತದೆ. ಅದನ್ನು ಕೇಳಿ ಪಡೆಯಿರಿ.

ಆಸ್ಪತ್ರೆಗೆ ಹೊರಡುವ ಮುನ್ನ ಮನೆಯಲ್ಲೇ ಮಾಡಬೇಕಾದ ಚಿಕಿತ್ಸೆಯೊಂದಿದೆ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ಗಾಯ ತೊಳೆಯುವುದು. ಸುಣ್ಣ, ಖಾರದಪುಡಿ, ಅರಿಶಿನ, ಕಾಫಿಪುಡಿ ಯಾವುದೂ ಬೇಡ. ಸಾಕಿದ ನಾಯಿ, ಮರಿನಾಯಿ, ಬೆಕ್ಕು, ಮಂಗ, ಮುಂಗುಸಿ ಕಚ್ಚಿದರೂ ಇದೇ ಕ್ರಮ. ಕರಡಿ, ಚಿರತೆಯಿಂದ ಗಾಯವಾದವರೂ ರೇಬೀಸ್ ಮತ್ತು ಧನುರ್ವಾಯು ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಆಮೇಲಿನ ಒಂದು ಗಂಟೆ

ದಾಳಿಯ ನಂತರ ನೆರೆದವರು ಗಾಯಾಳುವಿನ ಸುತ್ತ ಗೋಡೆ ಕಟ್ಟಿ ನಿಲ್ಲುತ್ತಾರೆ. ಗಾಳಿಯೂ ಆಡುವುದಿಲ್ಲ, ಕೆಲಸವೂ ಆಗುವುದಿಲ್ಲ. ಒಬ್ಬರು ಸ್ವಚ್ಛ ಬಟ್ಟೆಯಿಂದ ರಕ್ತ ಬರುವ ಜಾಗವನ್ನು ಬಿಗಿಯಾಗಿ ಒತ್ತಿ ಹಿಡಿಯಲಿ. ಒಬ್ಬರು 108ಕ್ಕೆ ಕರೆ ಮಾಡಲಿ, ಒಬ್ಬರು ಅರಣ್ಯ ಇಲಾಖೆಗೆ ತಿಳಿಸಲಿ. ಉಳಿದವರು ದೂರ ಸರಿಯಲಿ, ಪ್ರಾಣಿ ಹತ್ತಿರದಲ್ಲೇ ಇರಬಹುದು. ಜೋಯಿಡಾದಂಥ ಕಡೆ ಫೋನ್ ಸಿಗದ ಹಳ್ಳಿಗಳೇ ಹೆಚ್ಚು. ಊರಿನಲ್ಲಿ ಯಾರ ವಾಹನ ರಾತ್ರಿ ಹೊರಡಬಲ್ಲದು, ಯಾವ ದಿಬ್ಬದ ಮೇಲೆ ಸಿಗ್ನಲ್ ಸಿಗುತ್ತದೆ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಹಾವು ಕಡಿದಾಗಲೂ ಈ ಗಂಟೆಯೇ ನಿರ್ಣಾಯಕ. 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತರೆಂದು ಸಂಶೋಧಕರ ಅಂದಾಜು. ಹುಲಿ, ಆನೆ, ಕರಡಿಗಳೆಲ್ಲ ಸೇರಿದರೂ ಅದರ ಹತ್ತಿರಕ್ಕೆ ಬರಲಾರವು. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಡಿದ ಕೈಕಾಲನ್ನು ಅಲುಗಾಡಿಸದೆ, ನಡೆಸದೆ, ಪ್ರತಿವಿಷ ಸಿಗುವ ಆಸ್ಪತ್ರೆಗೆ ಒಯ್ಯಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಮದ್ದು ಎಲ್ಲಿ ಎಷ್ಟು ಬೇಕೆಂಬುದು ತಿಳಿಯಲು ಅದು ದಾರಿ.

ಇನ್ನು ಕಾನೂನು. ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲದೆ ಪ್ರಾಣಿಯನ್ನು ಗಾಯಗೊಳಿಸಿದರೆ, ಕೊಂದರೂ, ಅದು ಅಪರಾಧವಲ್ಲ ಎಂದು 1972ರ ಕಾಯ್ದೆಯ 11ನೇ ಕಲಂ ಹೇಳುತ್ತದೆ. ಆದರೆ ಬೇಟೆಗೆಂದು ಹೋದವನಿಗೆ ಈ ರಕ್ಷಣೆಯಿಲ್ಲ. ಮರುದಿನ ಸೇಡು ತೀರಿಸಲು ಹೋದವನಿಗೂ ಇಲ್ಲ. ಪ್ರಾಣಿ ನಿಜಕ್ಕೂ ಮನುಷ್ಯರಿಗೆ ಅಪಾಯಕಾರಿಯಾಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ತೀರ್ಮಾನ ಕೈಗೊಳ್ಳುತ್ತಾರೆ. ಬೇಲಿಗೆ ಕರೆಂಟು ಹಾಯಿಸುವುದು, ಹಂದಿಗೆ ಸಿಡಿಮದ್ದು ಇಡುವುದು, ವಿಷ ಬೆರೆಸುವುದು ಕೊನೆಗೆ ನಮ್ಮದೇ ಎಮ್ಮೆಯನ್ನೋ ನೆರೆಮನೆಯ ಮಗುವನ್ನೋ ಕೊಲ್ಲುತ್ತವೆ.

ಗಾಯವಾದರೆ, ಸಾವಾದರೆ, ಬೆಳೆ ಹೋದರೆ ಸರ್ಕಾರದ ಪರಿಹಾರವಿದೆ. ಅದು ಭಿಕ್ಷೆಯಲ್ಲ. ಕಾಡು ದೇಶಕ್ಕೆಲ್ಲ ಬೇಕು, ಅದರ ಬೆಲೆಯನ್ನು ಕಾಡಂಚಿನವನೊಬ್ಬನೇ ಯಾಕೆ ತೆರಬೇಕು? ಪರಿಹಾರಕ್ಕೆ ತಡಮಾಡದೆ ವಲಯ ಅರಣ್ಯಾಧಿಕಾರಿಗೆ ತಿಳಿಸಿ, ಆಸ್ಪತ್ರೆಯ ಚೀಟಿಗಳನ್ನೆಲ್ಲ ಜೋಪಾನ ಮಾಡಿ, ಬೆಳೆಯ ಚಿತ್ರ ತೆಗೆದಿಡಿ. ಆ ಒಂದು ಕಣ್ಣಿನ ಹಿರಿಯರಿಗೆ ಕರಡಿಯ ಉಗುರಿಗಿಂತ ಹೆಚ್ಚು ದಣಿವು ತಂದದ್ದು ಆಸ್ಪತ್ರೆಯಿಂದ ಆಸ್ಪತ್ರೆಗೆ, ಕಚೇರಿಯಿಂದ ಕಚೇರಿಗೆ ನಡೆದ ಓಡಾಟ. ಶಿಬಿರದ ಗೆಳೆಯರೇ, ನಿಮಗೆ ಅರ್ಜಿ ಬರೆಯಲು ಬರುತ್ತದೆ. ಅಂಥ ಒಬ್ಬರಿಗೆ ಒಂದು ಅರ್ಜಿ ಬರೆದುಕೊಟ್ಟರೆ ನಿಮ್ಮ ಶಿಬಿರ ಸಾರ್ಥಕ.

ಕೊನೆಯದಾಗಿ, ನನ್ನ ಪಾಲಿನ ಮಾತು. ಮುಂದಿನ ಸಲ ಇಂಥ ಸುದ್ದಿ ಬರೆಯುವಾಗ 'ದಾಂಧಲೆ' ಎಂಬ ಪದ ಬಿಡುತ್ತೇನೆ. ಗುಂಪು ಸೇರಿದ್ದರೆ ಗುಂಪು ಸೇರಿತ್ತೆಂದು ಬರೆಯುತ್ತೇನೆ. ತಿಂಗಳ ನಂತರ ಮತ್ತೆ ಹೋಗಿ, ಗಾಯಾಳು ಹೇಗಿದ್ದಾರೆ, ಪರಿಹಾರ ಬಂತೇ ಎಂದು ವಿಚಾರಿಸುತ್ತೇನೆ. ನಿಮ್ಮ ಪಾಲಿನದು ಇನ್ನೂ ಸುಲಭ. ಇವತ್ತು ಸಂಜೆ ಮನೆಗೆ ಹೋಗಿ ತಮ್ಮ ತಂಗಿಯರಿಗೆ ಎರಡು ಆಟ ಕಲಿಸಿ: ನಾಯಿ ಬಂದರೆ ಮರದಂತೆ ನಿಲ್ಲುವುದು, ಕರಡಿ ಬಿದ್ದರೆ ಮುಖ ಮುಚ್ಚಿ ಬೋರಲಾಗುವುದು. ಮಕ್ಕಳು ನಗುತ್ತಾ ಕಲಿತದ್ದು ಹೆದರಿಕೆಯ ಹೊತ್ತಿಗೆ ಮರೆತುಹೋಗುವುದಿಲ್ಲ.